ಯಾದಿ

ಮುನ್ನೂರ ಇಪ್ಪತ್ತೊಂದು ಕಲಮುಗಳಂತೆ ಹೊಸ ಕಾಯಿದೆಗೆ.
ನನ್ನ ಹತ್ತಿರ ಇದ್ದದ್ದು ಒಂದೇ ಕಲಮು,
ಅದರ ಮೂತಿಯೂ ಸೀಳಿತ್ತು.
ಬಾಗಲಕೋಟೆ ಕಚೇರಿಯ ಹಿಂದಿನ ಕೋಣೆ,
ಕಂದೀಲು, ಮಸಿಕುಡಿಕೆ, ಕಾಗದದ ಚೂರಿನಲ್ಲಿ ಪುಟಾಣಿ,
ತಿಂಗಳಿಗೆ ಹದಿನೆಂಟು ರೂಪಾಯಿಯ ನಾನು,
ನಕಲು ಕಾರಕೂನ ಧೋಂಡೋ ಅನಗವಾಡಿ.

ಮೊದಲು ಮೂವತ್ತೆರಡು ಕಂದಾಯ ಕಟ್ಟಿದವ ಮತದಾರ.
ಈಗ ಎಂಟು ಸಾಕು.
ಸರಕಾರದ ಮುಷ್ಟಿ ಇಷ್ಟು ಸಡಿಲಾಯಿತೆ ಎಂದು
ಚಾವಡಿಯಲ್ಲಿ ಎಲೆ ಮೆಲ್ಲುತ್ತ ಬೆರಗಾದರು
ಎಂಟು ಕಟ್ಟುವವರು.
ಏಳೂಮುಕ್ಕಾಲು ಕಟ್ಟುವ ಪರೂತಪ್ಪ ಮಾತ್ರ
‘ನಾಲ್ಕಾಣೆ ಹೆಚ್ಚು ಬರಕೋರಿ, ಕೊಡತೇನಿ’ ಅಂತ
ಎರಡು ದಿನ ಮೆಟ್ಟಿಲ ಮೇಲೆ ಕೂತ.
ಕಂದಾಯ ಹೆಚ್ಚಿಸಿರೆಂದು ಬೇಡಿದವನನ್ನು
ಆ ಕಚೇರಿ ಅದಕ್ಕೂ ಮುಂಚೆ ಕಂಡಿರಲಿಲ್ಲ.

ಹೆಂಗಸರ ಬಾಬು ಬೇರೆಯೇ ಇತ್ತು:
ಇಂಥವನ ಹೆಂಡತಿ, ಇಂಥವನ ವಿಧವೆ,
ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ,
ಪಿಂಚಣಿ ಪಡೆಯುವ, ಸತ್ತ ಸಿಪಾಯಿಯ ತಾಯಿ.
ಸೀತಿಮನಿಯಿಂದ ಒಬ್ಬಳೇ ಬಂದಳು.
ಹೊಲವಿಲ್ಲ. ಗಂಡನಿಲ್ಲ.
ಮಗ ಲಗಮಪ್ಪ ಬಸರೆಯಲ್ಲಿ,
ಗುಂಡಿಗಲ್ಲ, ವಾಂತಿಭೇದಿಗೆ.
‘ಬಸರೆ ಎಲ್ಲಿ ಬರತೈತಿ ತಮ್ಮಾ, ಹೊಳಿ ಆಚಿಗೇನು?’
ಹೌದಬೇ, ಹೊಳೆಯ ಆಚೆ ಅಂದೆ.
‘ಈ ಓಟು ಹಾಕಿದರ ಪಿಂಚಣಿ ಕಡೀತಾರೇನು?’
ಇಲ್ಲಬೇ.
‘ಮತ್ತ ಇದು ಅವನ ಓಟೋ, ನಂದೋ?’
ಮುನ್ನೂರ ಇಪ್ಪತ್ತೊಂದರಲ್ಲಿ ಎಲ್ಲೋ ಇದ್ದೀತು ಉತ್ತರ.
ನಿನ್ನದೇ ಅಂದೆ. ಹೆಸರು ಕೇಳಿದೆ.
ಹೊಳೆಬಸವ್ವ.

ಆ ರಾತ್ರಿ ಬರೆದೆ. ದುರಗಪ್ಪ, ಸಂಗಪ್ಪ, ಮುದಕಪ್ಪ,
ರಾಚಪ್ಪ, ಚಂದಪ್ಪ, ಮತ್ತೆ ಸಂಗಪ್ಪ,
ಅಪ್ಪಗಳ ಮೇಲೆ ಅಪ್ಪಗಳು,
ಸಂತೆಗೆ ಹೊರಟ ಬಂಡಿಗಳ ಸಾಲಿನ ಹಾಗೆ
ಒಂದರ ಮೂಗು ಇನ್ನೊಂದರ ಬಾಲಕ್ಕೆ.
ಕಂದೀಲು ಕಪ್ಪಿಟ್ಟಿತ್ತು. ಕಣ್ಣು ಕೂಡುತ್ತಿತ್ತು.
ವಕ್ಕೂ ಪಕ್ಕೂ ನಡುವೆ ಎಷ್ಟು ದೂರ?
ಒಂದು ಎಳೆ. ಒಂದು ಆಕಳಿಕೆ.

ಓಟಿನ ದಿನ ಸಾಲಿಯ ಬಾಗಿಲಲ್ಲಿ ನನಗೆ ಹೆಸರು ಕೂಗುವ ಕೆಲಸ.
ಜೋಳದ ಕೊಯ್ಲು ಬಿಟ್ಟು ಬಂದಿದ್ದಳು,
ಸೀರೆಯಂಚಿಗೆ ಕುಸುಬಿ ಮುಳ್ಳು.
ಅಚ್ಚಾದ ಯಾದಿ ತೆರೆದೆ. ಇತ್ತು.
ಲಗಮಪ್ಪನ ತಾಯಿ, ಸೀತಿಮನಿ,
ಹೊಳೆಬಸಪ್ಪ.

ಸಾಹೇಬರು ಕನ್ನಡಕ ಏರಿಸಿದರು. ‘ಇದು ಗಂಡಸು.’
ಸಾಲಿನಲ್ಲಿ ಯಾರೋ ನಕ್ಕರು.
ಅವಳೂ ನಕ್ಕಳು:
‘ನಮ್ಮ ಮನ್ಯಾಗ ಬಸಪ್ಪ ಅಂತ ಇದ್ದದ್ದು ಎತ್ತೊಂದs ಸಾಹೇಬ,
ಅದೂ ಸತ್ತು ಮೂರು ವರ್ಷ ಆತು.’
ಅಚ್ಚುಕೂಟದ ತಪ್ಪು ಅಂದೆ ನಾನು.
ನಾಲಗೆ ತಡವರಿಸಲಿಲ್ಲ.
ಪಿಂಚಣಿ ಚೀಟಿ ತೆಗೆದಳು,
ಎಣ್ಣೆ ಜಿಡ್ಡಿನ ಬಟ್ಟೆಯಲ್ಲಿ ಮೂರು ಮಡಿಕೆ.
ಸಾಹೇಬರು ಓದಿದರು, ಗಡಿಯಾರ ನೋಡಿದರು,
ಹೊರಗಿನ ಬಿಸಿಲು ನೋಡಿದರು. ಹೋಗಲಿ ಬಿಡು ಅಂದರು.

ಪರದೆಯ ಹಿಂದೆ ಬಹಳ ಹೊತ್ತು ನಿಂತಿದ್ದಳು.
ಕಾಲು ಮಾತ್ರ ಕಾಣುತ್ತಿದ್ದವು,
ಒಡೆದ ಹಿಮ್ಮಡಿ, ಕರಿಮಣ್ಣು ತುಂಬಿದ ಬಿರುಕು.
ಯಾರಿಗೆ ಹಾಕಿದಳೋ. ಹಾಕಿದಳೋ ಇಲ್ಲವೋ.

ಮಧ್ಯಾಹ್ನ ಬೇವಿನ ಬುಡಕ್ಕೆ ರೊಟ್ಟಿ ಬಿಚ್ಚಿ ಕರೆದಳು:
‘ನಿಂದಾತೇನು ತಮ್ಮಾ?’
ನನಗಿಲ್ಲಬೇ.
‘ಊರಂದೆಲ್ಲಾ ಬರದವ ನೀನು!’
ಹೊಲ ಇಲ್ಲ, ಸೋದರಮಾವನ ಮನೆಯ ಪಡಸಾಲೆ,
ಮ್ಯಾಟ್ರಿಕ್ಕು ಎರಡು ಸಲ ಗಣಿತಕ್ಕೆ ಹೋಯಿತು.
ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟಳು,
ಮೇಲೆ ಚೂರು ಶೇಂಗಾ ಹಿಂಡಿ.
‘ನಿಮ್ಮವ್ವ ಅದಾಳೇನು?’
ಅದಾಳ.
‘ದಂಡಿಗೆ ಹೋಗಬ್ಯಾಡ ಮತ್ತ.
ಆಕಿಗೆ ಓಟು ಬರತೈತಿ ಅಂತ.’