ಏಳನೆಯ ಮಾದರಿ

ಪರಶುರಾಮಸಾ ಬಾಕಳೆ ಬಂದದ್ದು
ಲಗ್ನಪತ್ರಿಕೆಯ ಸುಗ್ಗಿ ಮುಗಿದ ಮೇಲೆ.
ಬೆಟಗೇರಿಯ ನಮ್ಮ ಪ್ರೆಸ್ಸಿನಲ್ಲಿ ಆಗ
ಶಾಯಿಯ ವಾಸನೆ ಬಿಟ್ಟರೆ ಬೇರೆ ಕೆಲಸವಿರಲಿಲ್ಲ.
ಜೀರಾ ಸೋಡಾದ ಆರು ಗಾಜಿನ ಬಾಟಲಿ ಮೇಜಿನ ಮೇಲಿಟ್ಟರು.
ಕುಂಟು ಮೇಜು; ಆರೂ ಒಮ್ಮೆ ಕಿಣಿಕಿಣಿ ಅಂದವು.
“ಒಂದ ಕೈಯಾಗ ಆರೂ ಹಿಡಿಯೂ ಹಂಗ ಏನರ ಮಾಡ್ರಿ.
ರಟ್ಟಿನಾಗ. ಅಂಟು ಬ್ಯಾಡ, ಪಿನ್ನು ಬ್ಯಾಡ.
ಹೊರಿ ಕಟ್ಟಿ ತಂದಾಗ ಖಡಕ್ ರೊಟ್ಟಿ ಹಂಗ ಚಪ್ಪಟ ಇರಬೇಕು,
ಬಿಚ್ಚಿದ್ರ ಎದ್ದು ನಿಂದರಬೇಕು.”

ತೂಗಿದೆ: ಮೂರು ಕಿಲೋ ಇನ್ನೂರು ಗ್ರಾಂ.
ಹಾಳೆಯ ಮೇಲೆ ಮೊದಲು ಬರೆದದ್ದು ಅದನ್ನೇ,
ಶ್ರೀ ಬರೆಯುವ ಜಾಗದಲ್ಲಿ.

ಸಂಜೆ ಮುಳಗುಂದ ನಾಕಾಕ್ಕೆ ಹೋಗಿ
ಚಹಾ ಹುಡುಗನ ತಂತಿಬುಟ್ಟಿ ನೋಡುತ್ತ ನಿಂತೆ.
ಎಂಟು ಗ್ಲಾಸು, ಎಂಟು ಉಂಗುರ, ನಡುವೆ ಒಂದು ಕೊಕ್ಕೆ;
ಓಡುತ್ತಾನೆ, ಬಸ್ಸು ತಪ್ಪಿಸುತ್ತಾನೆ, ಯಾರನ್ನೋ ಬೈಯುತ್ತಾನೆ,
ಚಹಾ ಅಂಚಿನವರೆಗೆ ಬಂದು ಹಿಂದಕ್ಕೆ ಹೋಗುತ್ತದೆ.
ತಂತಿಗೆ ಮಡಿಕೆ ಬೇಡ, ಅದರ ಜಾತಕವೇ ಬೇರೆ.
ರಟ್ಟಿಗೆ ಒಮ್ಮೆ ಗೀರು ಬಿದ್ದರೆ
ಸಾಯುವವರೆಗೂ ಅಲ್ಲೇ ಬಾಗುತ್ತದೆ.

ಮೊದಲ ಮಾದರಿಯ ತಳ ಹರಿದು
ಎರಡು ಬಾಟಲಿ ಅಂಗಳದಲ್ಲಿ ಒಡೆದವು.
ಇರುವೆ ಬಂದದ್ದು ಮೂರು ದಿನ ಹೋಗಲಿಲ್ಲ.
ಎರಡನೆಯದು ಹಿಡಿಯಿತು, ಆದರೆ ನಡೆದರೆ
ಗಾಜಿಗೆ ಗಾಜು ತಾಕಿ ಭಜನೆಯ ತಾಳ.
ನಡುವೆ ಗೋಡೆ ಹಾಕಿದೆ; ಮಡಿಕೆ ಹನ್ನೊಂದಾದವು,
ಒಂದನ್ನು ನಿಲ್ಲಿಸಲು ಐವತ್ತು ಸೆಕೆಂಡು.
“ಅಷ್ಟೊತ್ತಿಗೆ ಗಿರಾಕಿ ನೀರು ಕುಡದು ಹೋಗಿರ್ತಾನ್ರಿ” ಅಂದರು ಬಾಕಳೆ.
ನಾಲ್ಕನೆಯದರ ಬಗ್ಗೆ ಹೇಳಲಾರೆ.
ಐದು, ಆರು: ತಳ ಗಟ್ಟಿ, ಗೋಡೆ ಗಟ್ಟಿ,
ಹಿಡಿಕೆ ಮಾತ್ರ ಕೈಯಲ್ಲೇ ಉಳಿಯುತ್ತಿತ್ತು,
ಮಿಕ್ಕದ್ದೆಲ್ಲ ನೆಲದ ಮೇಲೆ.

ಚೂರು ಬಳಿಯುತ್ತಿದ್ದ ಫಕೀರವ್ವ
ಹರಿದ ಹಿಡಿಕೆಯನ್ನೆತ್ತಿ ಬೆಳಕಿಗೆ ಹಿಡಿದಳು.
ಅಡ್ಡ ಹರಿದಳು, ಉದ್ದ ಹರಿದಳು.
ಪ್ರೆಸ್ಸಿಗೆ ಬರುವ ಮೊದಲು ಹನ್ನೆರಡು ವರ್ಷ
ಮಗ್ಗದ ಮುಂದೆ ಕೂತವಳು.
“ಇದಕ್ಕೂ ಹಾಸು ಹೊಕ್ಕು ಇರತೈತಿ, ನೋಡೀರೇನು?
ನಿಮ್ಮ ಎಳಿ ನಿಂತೈತಿ. ಹಿಡಿಕಿ ಉದ್ದಕ ಮಲಗಿಸ್ರಿ.”
ಹಾಳೆಯನ್ನು ತಿರುಗಿಸಿದೆ.
ಹದಿನೆಂಟು ದಿನದ ತಪ್ಪಿಗೆ ಕಾಲು ಸುತ್ತು.

“ಮತ್ತೊಂದು” ಅಂದಳು. “ಈ ತಳದ ನಾಲಿಗಿ
ಸೀಳಿನಾಗ ತೂರ್ಸಾಕ ಎರಡು ಹೆಬ್ಬಟ್ಟು ಬೇಕು.”
ಅವಳ ಎಡಗೈ ಮೇಜಿನ ಮೇಲಿತ್ತು.
ಹೆಬ್ಬೆರಳಿಲ್ಲ, ತೋರುಬೆರಳಿಲ್ಲ.
ತಿಂದದ್ದು ನಮ್ಮ ಯಂತ್ರವೇ, ನಮ್ಮಪ್ಪನ ಕಾಲದಲ್ಲಿ,
ಊದಿನಕಡ್ಡಿಯ ಪೆಟ್ಟಿಗೆ ಕತ್ತರಿಸುವಾಗ.
ಎಷ್ಟು ಕೊಟ್ಟರೆಂದು ನಾನು ಕೇಳಿದವನಲ್ಲ.
ಲೆಕ್ಕದ ಪುಸ್ತಕ ಬೀರುವಿನಲ್ಲೇ ಇದೆ.

ಆ ರಾತ್ರಿ ನನ್ನ ಎಡಗೈಯ ಎರಡು ಬೆರಳನ್ನು
ಅಂಗೈಗೆ ಸೇರಿಸಿ ದಾರ ಸುತ್ತಿ ಕೂತೆ.
ಒಂದೊಂದೇ ಬೀಗ ಕಿತ್ತುಹಾಕಿದೆ.
ತಳಕ್ಕೆ ನಾಲ್ಕು ರೆಕ್ಕೆ ಬಿಟ್ಟೆ, ಒಂದರ ಮೇಲೊಂದು ಒರಗುವಂತೆ;
ಬಾಟಲಿ ಇಳಿದಂತೆ ಅದರ ಭಾರವೇ ಅವನ್ನು ಬಿಗಿಯುತ್ತದೆ.
ಖಾಲಿ ಇದ್ದಾಗ ಸಡಿಲ.

ಬೆಳಿಗ್ಗೆ ಫಕೀರವ್ವ ಅಂಗೈಯಿಂದ ಒಮ್ಮೆ ತಳ್ಳಿದಳು,
ಮೊಣಕೈಯಿಂದ ಒಮ್ಮೆ ಒತ್ತಿದಳು. ಎದ್ದು ನಿಂತಿತು.
ನಾಲ್ಕು ಸೆಕೆಂಡು.
ಇಮಾಮಜಾಫರ ಆರೂ ತುಂಬಿಕೊಂಡು
ಎದುರಿನ ಲಾಡ್ಜಿನ ಮೂರು ಮಹಡಿ ಹತ್ತಿ ಇಳಿದ,
ಬೇಕೆಂದೇ ಕುಣಿಯುತ್ತ.
ಸದ್ದಿಲ್ಲ.

ಬಾಕಳೆ ಹತ್ತು ಸಾವಿರಕ್ಕೆ ಹೇಳಿ ಹೋದರು;
ಹಿಡಿಕೆಗೆ ಕೇಸರಿ ಬಣ್ಣ ಬೇಕಂತೆ.
ನಾನು ಬೀರುವಿನ ಬೀಗದ ಕೈ ಹುಡುಕುತ್ತಿದ್ದೆ.
ಫಕೀರವ್ವ ನಾಲ್ಕನೆಯ ಮಾದರಿಯನ್ನು ಮಡಿಸಿ, ಮತ್ತೂ ಮಡಿಸಿ,
ಮೇಜಿನ ಕುಂಟು ಕಾಲಡಿ ತೂರಿಸಿದಳು.
“ಇದೂ ಹೊರತೈತಿ” ಅಂದಳು.