ರಸೀದಿ ಪುಸ್ತಕ

ಹಾಸನದ ಸಾಲಗಾಮೆ ರಸ್ತೆಯ ನನ್ನ ಅಂಗಡಿಗೆ
‘ಗರಗಸ’ ತಂಡದವರು ಮೊದಲು ಬಂದಾಗ
ಆಂಪು ಗುಂಯ್ ಅಂತಿತ್ತು.
‘ಈ ಗುಂಯ್ ತೆಗೀರಿ ಸಾರ್’ ಅಂದ ತೌಸೀಫ್,
ಕೂಗಿ ಕೂಗಿ ಒಡೆದ ಗಂಟಲಲ್ಲಿ.
ತೆಗೆದೆ. ನಲವತ್ತು ರೂಪಾಯಿ.

ಆ ವರ್ಷ ಹನ್ನೊಂದು ಫ್ಯೂಸು.
ಹಿಟ್ಟಿನ ಗಿರಣಿಯ ಹಿಂದೆ ಅವರ ಅಭ್ಯಾಸ;
ರಾಗಿ ಬೀಸಿಸಲು ಬಂದ ಹೆಂಗಸರು
ಯಾವ ಮಿಷನ್ನು ಕೆಟ್ಟಿತೆಂದು ಕೇಳುತ್ತಿದ್ದರಂತೆ.

ಎರಡನೇ ಆಲ್ಬಮ್ಮಿಗೆ ಎರಡು ಸ್ಪೀಕರ್ ಹರಿದವು.
ಡೆನ್ಜಿಲ್ ತಂತಿ ಎಷ್ಟು ಸಡಿಲಿಸಿದ್ದನೆಂದರೆ
ಶ್ರುತಿ ನೆಲಮಾಳಿಗೆಗೆ ಇಳಿದಿತ್ತು;
ಪರೀಕ್ಷೆಗೆಂದು ಒಂದೇ ಸಲ ಮೀಟಿದ,
ನನ್ನ ಕಪಾಟು ನಡುಗಿ ಬಲ್ಬೊಂದು ಬಿತ್ತು.
ಅದನ್ನೂ ಬಿಲ್ಲಿಗೆ ಸೇರಿಸಿದೆ.

ಆಮೇಲೆ ಡ್ರಮ್ಮಿನ ಶಿವನಂಜನಿಗೆ
ಮಣಿಕಟ್ಟೇ ಕೈಕೊಟ್ಟಿತು.
ಹಾಡುಗಳು ನಿಧಾನವಾದವು,
ಒಂದು ಏಟಿಗೂ ಇನ್ನೊಂದಕ್ಕೂ ನಡುವೆ
ಬೀಡಿ ಹಚ್ಚಿಕೊಳ್ಳಬಹುದಿತ್ತು.
‘ಮೆತ್ತಗಾದರು’ ಅಂದು ಹಳೇ ಹುಡುಗರು ಬರುವುದು ಬಿಟ್ಟರು.
ನನ್ನ ಪುಸ್ತಕದಲ್ಲಿ ಮೂರು ವರ್ಷ ಖಾಲಿ.

ನಿನ್ನೆ ಅದೇ ಆಂಪು ಹೊತ್ತು ತಂದ ತೌಸೀಫ್.
ಪ್ಲಗ್ ಹಾಕಿದೆ. ಚೊಕ್ಕವಾಗಿತ್ತು,
ಒಂದು ಉಸಿರಿಲ್ಲ.
‘ಅದೇ ಸಾರ್ ತೊಂದರೆ. ಆ ಗುಂಯ್
ವಾಪಸ್ ಹಾಕಕ್ಕಾಗುತ್ತಾ?’

ಹಳೇ ಕೆಪಾಸಿಟರುಗಳ ಡಬ್ಬಿ ಸುರುವಿಕೊಂಡು
ಕೂತಿದ್ದೇನೆ ಬೆಳಗಿನಿಂದ,
ಕೆಟ್ಟದ್ದೊಂದು ಬೇಕು.