ಹಲಗೆಯ ಲೆಕ್ಕ

ಹಳೆ ಬಂದರಿನ ದಕ್ಕೆಯಲ್ಲಿ ನಾಡಿದ್ದು ದ್ವೀಪಕ್ಕೆ ಹೊರಡುವ ಮಂಜಿ.
ಅದಕ್ಕೂ ದಡಕ್ಕೂ ನಡುವೆ ಇನ್ನೊಂದು ಮಂಜಿ ಅಡ್ಡ ನಿಂತಿದೆ ಅಂತ
ಹಲಗೆಗೆ ಹಲಗೆ ಜೋಡಿಸಿದ್ದಾರೆ, ಒಬ್ಬನ ಅಗಲಕ್ಕೆ.
ಕಾಲು ಜಾರದಿರಲೆಂದು ಹೊಡೆದ ಅಡ್ಡಪಟ್ಟಿಗಳು ಇಪ್ಪತ್ತೆರಡು.
ಎಣಿಸಿದ್ದೇನೆ. ಎರಡು ಸಲ.

ಕೊಣಾಜೆಯಲ್ಲಿ ನಾವು ಬೋರ್ಡಿನ ಮೇಲೆ
ಸೊನ್ನೆ, ಒಂದು ಬರೆದು ಕಲಿತದ್ದು ಇದನ್ನೇ:
ಮುಂದಿನ ಪಟ್ಟಿ ಖಾಲಿಯಿದ್ದರೆ ಹೆಜ್ಜೆ,
ಇಲ್ಲದಿದ್ದರೆ ನಿಲ್ಲು.
ಹಿಂದಕ್ಕಿಲ್ಲ, ದಾಟಿ ಹೋಗುವಂತಿಲ್ಲ, ಒಂದು ಪಟ್ಟಿಗೆ ಇಬ್ಬರಿಲ್ಲ.
(ಮರಳುವುದಕ್ಕೆ ಬೇರೆ ಹಲಗೆ.)
ಬೋರ್ಡಿನಲ್ಲಿ ಇರದಿದ್ದದ್ದು ತಲೆಯ ಮೇಲಿನ ಐವತ್ತು ಕಿಲೋ ಸಿಮೆಂಟು,
ಚೀಲದ ಸೀಳಿನಿಂದ ಕಿವಿಯ ಹಿಂದೆ ಇಳಿದು
ಬೆವರಿನಲ್ಲಿ ಗಟ್ಟಿಯಾಗುವ ಬೂದು ಗೆರೆ.

ಈ ತುದಿಗೆ ಲಾರಿ. ಲ್ಯಾನ್ಸಿ ಚೀಲ ಎತ್ತಿ ತಲೆಗಿಡುತ್ತಾನೆ.
ಆ ತುದಿಗೆ ಮಂಜಿಯ ಹೊಟ್ಟೆ. ಭೋಜ ಕುಂದರ್ ಇಳಿಸಿ ಅಟ್ಟಿ ಹಾಕುತ್ತಾನೆ.
ಲ್ಯಾನ್ಸಿ ಬೀಡಿ ಹಚ್ಚಿದರೆ ಹಲಗೆ ಬರಿದಾಗುತ್ತದೆ.
ಭೋಜ ಸೊಂಟ ನೆಟ್ಟಗೆ ಮಾಡಲು ನಿಂತರೆ
ಕೊನೆಯಿಂದ ಮೊದಲಿಗೆ ತುಂಬಿಕೊಂಡು ಬರುತ್ತದೆ.
ನಡುವೆ ನಡೆವ ಹದಿನೇಳು ಮಂದಿಗೆ
ತಮ್ಮ ಹೆಜ್ಜೆ ತಮ್ಮದೆಂದೇ ನಂಬಿಕೆ.
ಇದನ್ನು ನಾನು ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಬರೆದಿದ್ದೇನೆ,
ಬೀಡಿಯೊಂದನ್ನು ಬಿಟ್ಟು.

ಒಂಬತ್ತನೇ ಪಟ್ಟಿ ಸಡಿಲ.
ಅಲ್ಲಿ ಎಲ್ಲರೂ ಪಾದ ತಡವಿ ಇಡುತ್ತಾರೆ.
ಅದರ ಹಿಂದೆ ಬೆನ್ನಿಗೆ ಉಸಿರು ತಾಗುವ ಸಾಲು,
ಅದರ ಮುಂದೆ ಧಾರಾಳ ಗಾಳಿ.
ಕಿತ್ತುಬಂದ ಒಂದು ಮೊಳೆ
ಒಂದೇ ಹಲಗೆಯನ್ನು ಎರಡು ಊರು ಮಾಡಿದೆ.

ನೋಡುತ್ತ ನೋಡುತ್ತ ಕಣ್ಣು ಮನುಷ್ಯರನ್ನು ಬಿಟ್ಟು
ಖಾಲಿಯನ್ನು ಹಿಡಿಯತೊಡಗುತ್ತದೆ.
ಭೋಜ ಒಂದು ಚೀಲ ಇಳಿಸಿಕೊಂಡ, ಕೊನೆಯ ಪಟ್ಟಿ ಖಾಲಿ.
ಹಿಂದಿನವ ಅಲ್ಲಿಗೆ ಸರಿದ, ಖಾಲಿ ಅವನ ಜಾಗಕ್ಕೆ ಬಂತು.
ಹೀಗೆ ಪಟ್ಟಿಯಿಂದ ಪಟ್ಟಿಗೆ
ಹೊರೆಯೂ ಕೂಲಿಯೂ ಇಲ್ಲದ ಒಬ್ಬ
ಹೊಳೆಯ ಕಡೆಯಿಂದ ದಡಕ್ಕೆ ನಡೆದು ಬಂದು
ಲಾರಿಯ ಬುಡದಲ್ಲಿ ಮಾಯ.
ಅವನು ಬಾರದೆ ಲ್ಯಾನ್ಸಿ ಇನ್ನೊಂದು ಚೀಲ ಕೊಡುವಂತಿಲ್ಲ.

"ಎಂತ ಬರೀತೀರಿ ನೀವು? ಲೇಬರ್ ಆಫೀಸಿನವರಾ?"
ಮೇಸ್ತ್ರಿ ಇದ್ದಿನಬ್ಬನ ಜೋಳಿಗೆಯಲ್ಲಿ ತಗಡಿನ ಬಿಲ್ಲೆಗಳು,
ಚೀಲಕ್ಕೊಂದು.
ನಿಮಿಷಕ್ಕೆ ಎಷ್ಟು ಜನ ದಾಟ್ತಾರೆ ಅಂತ, ಎಂದೆ.
"ಅದಕ್ಕೆ ಯೂನಿವರ್ಸಿಟಿ ಬೇಕಾ?"
ಎಂದವನು ಹಲಗೆಯ ಕಡೆ ತಿರುಗಿ ಕೂಗಿದ:
"ಒಂದು ಬಿಟ್ಟು ಒಂದು! ಮೂಸಿಕೊಂಡು ಹೋಗ್ಬೇಡಿ, ಜಾಗ ಬಿಡಿ!"

ಅರ್ಧ ತುಂಬಿ, ಅರ್ಧ ಖಾಲಿ.
ಅರ್ಧವನ್ನು ಅರ್ಧದಿಂದ ಗುಣಿಸಿದರೆ ಕಾಲು.
ಹಲಗೆ ಕೊಡುವುದು ಹೆಚ್ಚೆಂದರೆ ಅಷ್ಟೇ,
ತುರುಕಿದರೆ ಕಡಿಮೆ, ಹಿಂಜರಿದರೂ ಕಡಿಮೆ.
ಈ ಕಾಲಿಗಾಗಿ ನಾನು ಮಳೆಗಾಲವಿಡೀ
ಮ್ಯಾಟ್ರಿಕ್ಸುಗಳ ಜತೆ ಗುದ್ದಾಡಿದ್ದೆ.
ನಿಮಗೆ ಯಾರು ಹೇಳಿಕೊಟ್ಟದ್ದು, ಕೇಳಿದೆ.
"ಎಲ್ಲ ಒಟ್ಟಿಗೆ ಹತ್ತಿದ್ರೆ ಹಲಗೆ ಮುರೀತದೆ ಮಾರಾಯ್ರೆ, ಮತ್ತೆಂತ."

ಬೈಗಿಗೆ ಲಾರಿ ಬರಿದು.
ಹಲಗೆ ಎಳೆಯುವ ಮುಂಚೆ ಲೆಕ್ಕ ತಾಳೆ ನೋಡಿದೆವು.
ನನ್ನದು ನಾನೂರ ಒಂದು.
ಅವನದು ನಾನೂರು.
ಅವನು ಬಿಲ್ಲೆಗಳನ್ನು ನೆಲಕ್ಕೆ ಸುರಿದು ಮತ್ತೆ ಎಣಿಸಿದ,
ನಾನು ಗೆರೆಗಳನ್ನು, ಐದೈದರ ಕಟ್ಟು.

ಆಮೇಲೆ ನೆನಪಾಯಿತು: ಮೂರೂವರೆಗೆ
ಸಾಲಿನ ನಡುವೆ ತೂರಿ ಹೋದ ಸಫ್ವಾನ್,
ಭೋಜನಿಗೆ ಚಹಾದ ಕೆಟ್ಲಿ ಹಿಡಿದು.
ಒಂಬತ್ತನೇ ಪಟ್ಟಿಯಲ್ಲಿ ಅವನೂ ತಡವಿದ್ದ,
ತಲೆಯ ಮೇಲೆ ಚೀಲ ಹೊತ್ತು ಹಿಂದಿನವರು ಅವನಿಗೂ ಕಾದಿದ್ದರು.

"ಕೆಟ್ಲಿಗೆ ಕೂಲಿ ಇಲ್ಲ," ಎಂದ ಮೇಸ್ತ್ರಿ, ಬಿಲ್ಲೆ ಬಾಚಿಕೊಳ್ಳುತ್ತ.
ಸರಿ. ಅವನ ಲೆಕ್ಕದಿಂದ ಹುಡುಗ ಬಿದ್ದುಹೋದ.
ನನ್ನದರಲ್ಲಿ ಇದ್ದಾನೆ ಇನ್ನೂ,
ಎರಡೂ ಕೈಯಲ್ಲಿ ಬಿಸಿ ಕೆಟ್ಲಿ, ಒಂದು ಕಾಲು ಗಾಳಿಯಲ್ಲಿ,
ಬೇರೆ ಯಾರಿಗೂ ಸಿಗದಂತೆ ಒಂದು ಪಟ್ಟಿ ಹಿಡಿದು.